ಹತ್ತರ ಲೆಕ್ಕ

ಆಗ ನನಗೆ ಇಪ್ಪತ್ತೊಂದು. ಬಸವಕಲ್ಯಾಣದಲ್ಲಿ ನನಗಿದ್ದ ಒಂದೇ ಉದ್ಯೋಗವೆಂದರೆ ಬೇರೆಯವರ ಗಂಟಲಿನಲ್ಲಿ ಮಾತಾಡುವುದು. ಕಂಡಕ್ಟರ್ ಚಿಲ್ಲರೆ ಇಲ್ಲ ಎನ್ನುವ ರಾಗ, ಗುಮಾಸ್ತ ಮೂಗಿನಲ್ಲಿ ಅರ್ಜಿ ಓದುವ ಬಗೆ, ಊಟಕ್ಕೆ ಕೂತ ಅಪ್ಪ ತುತ್ತಿಗೊಂದರಂತೆ ನನ್ನನ್ನು ಬೈಯುವ ಕ್ರಮ, ಎಲ್ಲ ಬಾಯಿಪಾಠ. ನನ್ನ ದನಿ ಹೇಗಿದೆ ಎಂಬುದೊಂದೇ ನನಗೆ ಗೊತ್ತಿರಲಿಲ್ಲ. ಅದನ್ನು ಕೇಳಲು ಒಂದು ಟೇಪ್ ರೆಕಾರ್ಡರ್ ಬೇಕೆಂಬ ಹುಚ್ಚು ಹಿಡಿದಿತ್ತು.

ಹುಮನಾಬಾದಿನ ರೇಡಿಯೊ ಅಂಗಡಿ ಮುಚ್ಚುತ್ತದೆ, ಎಲ್ಲ ಸಸ್ತಾ ಎಂಬ ಸುದ್ದಿ ಬಂತು. ಬಸ್ಸು ಹತ್ತಿದೆ.

ಆ ಅಂಗಡಿಯ ಸಾಹುಕಾರರ ದನಿ ಸುತ್ತೆಲ್ಲ ಹೆಸರುವಾಸಿ. "ಬರ್ರಿ, ಕೇಳ್ರಿ, ಕಿವಿಗಿ ರೊಕ್ಕ ಇಲ್ರೀ!" ಎಂದು ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ನನ್ನ ನಕಲುಗಳಲ್ಲಿ ಅತ್ಯಂತ ಹೆಚ್ಚು ನಗು ತರುತ್ತಿದ್ದದ್ದೂ ಅದೇ. ಅಂದು ನೋಡಿದರೆ ಅವರ ಕೊರಳಿಗೆ ಪಟ್ಟಿ. ಗಂಟಲಿನ ಗಡ್ಡೆ ತೆಗೆಯುವಾಗ ದನಿಯೂ ಹೋಗಿತ್ತು. ಮುಂದಿನ ಇಲಾಜಿಗೆ ಸೋಮವಾರ ಹೈದರಾಬಾದಿಗೆ ಹೋಗಬೇಕು. ಅದರ ಖರ್ಚಿಗೇ ಈ ಮಾರಾಟ ಎಂದು ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದರು.

ಮಾತು ಬಾರದ ಮನುಷ್ಯ ಚೌಕಾಶಿ ಮಾಡುವುದು ಹೇಗೆ? ಎತ್ತಿನ ಸಂತೆಯಲ್ಲಿ ಮಾಡುವ ಹಾಗೆ. ಮಾರುವವ, ಕೊಳ್ಳುವವ ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾರೆ. ಒಂದು ಬೆರಳೆಂದರೆ ನೂರೋ ಹತ್ತೋ ಎಂಬುದನ್ನು ಮಾರುವವನು ಗಟ್ಟಿಯಾಗಿ ಕೂಗಬೇಕು. ಟವೆಲ್ ಎತ್ತಿದರೆ ಮುಗಿಯಿತು, ಮಾತು ತಿರುಗಿಸುವಂತಿಲ್ಲ. ಸಾಹುಕಾರರ ಪರವಾಗಿ ಹೆಂಡತಿ ಕೂಗುತ್ತಿದ್ದರು. ರೇಡಿಯೊಗೆ "ನೂರರ ಲೆಕ್ಕ", ಟಾರ್ಚಿಗೆ "ಹತ್ತರ ಲೆಕ್ಕ".

ನನ್ನ ಸರದಿ ಬಂದಾಗ ಆಕೆ ಗಂಡನಿಗೆ ಹಾಲು ಕಾಯಿಸಲು ಒಳಗೆ ಹೋಗಿದ್ದರು. ನಾನು ಟೇಪ್ ರೆಕಾರ್ಡರ್ ತೋರಿಸಿದೆ. ಟವೆಲ್ಲಿನ ಕೆಳಗೆ ಸಾಹುಕಾರರು ನನ್ನ ನಾಲ್ಕು ಬೆರಳು ಒತ್ತಿದರು. ನಾನೂರು ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಹಿಂದೆ ಅಷ್ಟು ಮಂದಿ ನಿಂತಿದ್ದಾರೆ, ನನ್ನ ಬಾಯಿ ಸುಮ್ಮನಿರಬೇಕಲ್ಲ! ಅವರದೇ ದನಿ ತೆಗೆದು ಕೂಗಿದೆ:

"ಹತ್ತರ ಲೆಕ್ಕ ರೀ!"

"ಏ, ಸಾಹುಕಾರ್ರ ದನಿ ಬಂತಲ್ಲೋ!" ಎಂದ ಹಿಂದಿನಿಂದ ಒಬ್ಬ. ಅಂಗಡಿಯೆಲ್ಲ ನಗು. ನಾನು ಟವೆಲ್ ಎತ್ತಿ ನಲವತ್ತು ರೂಪಾಯಿ ಇಟ್ಟೆ. ಸಾಹುಕಾರರು ತಲೆ ಅಲ್ಲಾಡಿಸಿದರು, ಬಾಯಿ ತೆರೆದರು. ಗಾಳಿ ಬಂತು, ಅಷ್ಟೇ.

ಅಷ್ಟರಲ್ಲಿ ನನ್ನ ಹೆಗಲ ಮೇಲಿಂದ ಒಂದು ಕೈ ಚಾಚಿತು. "ಅವಗ ಹತ್ತರ ಲೆಕ್ಕ ಅಂದ್ರ ನನಗ್ಯಾಕ ಇಲ್ಲ? ಆ ಟ್ರಾನ್ಸಿಸ್ಟರ್ ತಗೀರಿ."

"ನನಗ ಆ ಮಿಕ್ಸರ್!"

"ಏ, ದೂಡಬ್ಯಾಡಲೇ, ನಾ ಮೊದಲ ಹಿಡದೀನಿ!"

ಸಾಹುಕಾರರು ಮೇಜು ಬಡಿಯುತ್ತಿದ್ದರು. ಇಲ್ಲ, ಇದು ಬರೀ ಚೇಷ್ಟೆ, ಕೂಗಿದವನು ನಾನು ಎಂದು ನಾನೊಂದು ಮಾತು ಹೇಳಬಹುದಿತ್ತು. ಹಾಗೆ ಹೇಳಿದರೆ ಟೇಪ್ ರೆಕಾರ್ಡರ್ ಕೆಳಗಿಡಬೇಕಾಗುತ್ತಿತ್ತು. ಇಡಲಿಲ್ಲ. ರಸ್ತೆ ದಾಟಿ ನಿಂತು ನೋಡಿದೆ. ಆಕೆ ಹಾಲಿನ ಲೋಟ ಹಿಡಿದು ಹೊರಬರುವಷ್ಟರಲ್ಲಿ ಕಪಾಟುಗಳಲ್ಲಿ ಧೂಳಿನ ಗುರುತು, ಮೇಜಿನ ಮೇಲೆ ಹತ್ತಿಪ್ಪತ್ತರ ನೋಟು ಮಾತ್ರ ಉಳಿದಿದ್ದವು.

"ಯಾರ್ ಕೂಗಿದ್ರು? ಯಾರ್ರೀ ಕೂಗಿದ್ರು?"

"ನಿಮ್ಮ ಮನಿಯವ್ರೇ ಕೂಗಿದ್ರಲ್ಲ್ರಿ," ಎಂದ ಇಸ್ತ್ರಿಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಹೊರಟವನೊಬ್ಬ.

ಊರಿಗೆ ಬಂದು ಇದನ್ನೂ ಒಂದು ನಕಲು ಮಾಡಿ ಸೋದರಮಾವನಿಗೆ ತೋರಿಸಿದೆ. ಅವನು ಎತ್ತಿನ ದಲ್ಲಾಳಿ. ಬಿದ್ದು ಬಿದ್ದು ನಗುತ್ತಾನೆ ಅಂದುಕೊಂಡಿದ್ದೆ. ಅವನು ಎಲೆಯಡಿಕೆ ಉಗಿದು ಎದ್ದ.

"ಮಾರವನ ಮಾತು ತಗೊಳ್ಳವ ಆಡಿದ್ರ ಅದಕ್ಕ ವ್ಯಾಪಾರ ಅನ್ನಲ್ಲ, ದರೋಡಿ ಅಂತಾರ. ನಿನ್ನ ಸಲುವಾಗಿ ನಾ ನಾಳಿ ಸಂತ್ಯಾಗ ಯಾವ ಮಾರಿ ತೋರಸ್ಲಿ? ಹೋಗು. ನಿಂದಷ್ಟೇ ಅಲ್ಲ, ಎಲ್ಲಾರದೂ ತಿರುಗಿ ಇಸ್ಕೊಂಡ್ ಬಾ."

ಮರುದಿನ ಹೋಗಿ ಸಾಹುಕಾರರ ಹೆಂಡತಿಗೆ ಟೇಪ್ ರೆಕಾರ್ಡರ್ ಕೊಟ್ಟು, ಕೂಗಿದವನು ನಾನೇ ಎಂದೆ. ಆಕೆ ಬೈಯಲಿಲ್ಲ. ಯಾರ್ಯಾರು ಏನೇನು ಒಯ್ದರೆಂದು ನೆನಪಿದೆಯಾ ಎಂದಷ್ಟೇ ಕೇಳಿದರು. ನನಗೆ ಎಲ್ಲರ ದನಿಯೂ ನೆನಪಿತ್ತು, ಮನೆ ಗೊತ್ತಿರಲಿಲ್ಲ. ಹುಮನಾಬಾದಿನ ಓಣಿಗಳಲ್ಲಿ, ಮನ್ನಾಏಖೇಳ್ಳಿಯವರೆಗೂ, ಮಾತು ಕೇಳಿ ಆಳು ಹುಡುಕುತ್ತ ಅಲೆದೆ. ಸಿಕ್ಕವರದೆಲ್ಲ ಒಂದೇ ಮಾತು: "ಟವೆಲ್ ಎತ್ತಿದ ಮ್ಯಾಲ ಏನಪಾ ಮತ್ತ?" ಒಬ್ಬ ಮುದುಕಿ ಮಾತ್ರ ಮಗನಿಗೆ ಕಾಣದಂತೆ ಇಸ್ತ್ರಿಪೆಟ್ಟಿಗೆ ತಂದು ನನ್ನ ಕೈಗಿಟ್ಟಳು.

ಅದನ್ನು ಹಿಡಿದು ಅಂಗಡಿ ಮುಟ್ಟಿದಾಗ ಸೋಮವಾರ ಕಳೆದು ಗುರುವಾರ. ಅರ್ಧ ಬಾಗಿಲು ತೆರೆದಿತ್ತು.

"ಹೈದರಾಬಾದಿಗೆ..." ಎಂದೆ.

"ಯಾವ ರೊಕ್ಕದ ಮ್ಯಾಲ ಹೋಗೋದಪಾ?" ಆಕೆ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಖಾಲಿ ಕಪಾಟಿನಲ್ಲಿಟ್ಟರು. "ಹೋಗು. ಅವ್ರು ಈಗ ಜರಾ ಕಣ್ಣು ಮುಚ್ಚಿ ಮಲಗ್ಯಾರ. ಸಪ್ಪಳ ಮಾಡಬ್ಯಾಡ."