ಕರಪತ್ರದಲ್ಲಿ ಇಲಿ ಇರಲಿಲ್ಲ

ಶಿಡ್ಲಘಟ್ಟದಲ್ಲಿ ವಿಜ್ಞಾನಿಯೊಬ್ಬರಿಗೆ ಸನ್ಮಾನ ಕಾರ್ಯಕ್ರಮ ಮಾಡಿದವರು ಜನರಿಗೆ ಮೋಸ ಮಾಡಿದರು. 'ಬೆಳಕಿನಿಂದ ಕೈಕಾಲು ಆಡಿಸುವ ವಿಜ್ಞಾನಿ ಬರುತ್ತಾರೆ' ಎಂದು ಕರಪತ್ರ ಹಂಚಿದರು. ನಾನೂ ನಂಬಿ, ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದ, ರೇಷ್ಮೆ ನೂಲು ತೆಗೆಯುತ್ತಿದ್ದ ನಮ್ಮ ಬೀದಿಯ ಮುನಿಯಮ್ಮನನ್ನು ಕರೆದುಕೊಂಡು ಹೋದೆ.

ರೇಷ್ಮೆಗೂಡಿನ ಹಾರ, ಪೇಟ, ಶಾಲು ಎಲ್ಲ ಮುಗಿದ ಮೇಲೆ ವಿಜ್ಞಾನಿ ಪರದೆಯಲ್ಲಿ ಒಂದು ಇಲಿ ತೋರಿಸಿದರು. ಅದರ ಮಿದುಳಿಗೆ ಇಳಿಸಿದ ಗಾಜಿನ ಎಳೆಯಲ್ಲಿ ನೀಲಿ ಬೆಳಕು ಬಿಟ್ಟ ತಕ್ಷಣ ಅದು ಗಿರಗಿರ ಸುತ್ತಿತು.

ಮುನಿಯಮ್ಮ ಎದ್ದು ಕೇಳಿದಳು: "ಸಾರ್, ನನ್ನ ಕೈಗೆ ಯಾವಾಗ ಬಿಡ್ತೀರ ಲೈಟು?"

ಅವರು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇಲ್ಲಮ್ಮ, ಸದ್ಯಕ್ಕೆ ಇಲಿಗಳಿಗೆ ಮಾತ್ರ."

"ಹಂಗಾದ್ರೆ ಇಲಿಗಳ್ನೇ ಕರೀಬೇಕಾಗಿತ್ತು ಕಣಪ್ಪ, ನಮ್ಮನೇಲಿ ಬೇಕಾದಷ್ಟವೆ!"

ಕರಪತ್ರ ಹಂಚಿದವರೇ ಜೋರಾಗಿ ನಕ್ಕರು. ಅಂಥ ಕರಪತ್ರ ನಿಮ್ಮ ಕೈಗೂ ಬಂದರೆ, ಹಂಚುವವನನ್ನು ಅಲ್ಲೇ ನಿಲ್ಲಿಸಿ ಕೇಳಿ: ಇದು ಮನುಷ್ಯರಿಗೋ, ಇಲಿಗೋ? ಉತ್ತರವನ್ನು ಅದರ ಮೇಲೇ ಬರೆಸಿಕೊಳ್ಳಿ.