ವಸ್ತಿ ಬಸ್ಸಿಗೊಂದು ಮನೆಪಟ್ಟಿ

ಶಿರಹಟ್ಟಿ ರಸ್ತೆಯ ಕ್ರಾಸಿನಲ್ಲಿಳಿದು ಹೊಲಗಳ ನಡುವೆ ಒಳಕ್ಕೆ ಹೋದರೆ ನಮ್ಮೂರು. ಸಂಜೆ ಗದಗಿನಿಂದ ಹೊರಟ ಬಸ್ಸು ರಾತ್ರಿ ನಮ್ಮಲ್ಲೇ ತಂಗಿ, ಬೆಳಗಾಗುತ್ತಲೇ ಮತ್ತೆ ಗದಗಿಗೆ ಹೊರಡುತ್ತದೆ. ಇದಕ್ಕೆ ವಸ್ತಿ ಬಸ್ಸು ಎನ್ನುತ್ತೇವೆ. ಡ್ರೈವರ್, ಕಂಡಕ್ಟರರ ರಾತ್ರಿಯ ಊಟ ಊರಿನದು, ಮನೆಗೊಂದು ಪಾಳಿ. ನಮ್ಮ ಪಾಳಿಯ ದಿನ ಅತ್ತೆ ಬಿಸಿ ರೊಟ್ಟಿ ಬಡಿದು, ಪುಂಡಿಪಲ್ಲೆ ಮಾಡಿ, ಸಾಕು ಸಾಕು ಎಂದರೂ ಕೇಳದೆ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಡ್ಯೂಟಿ ಬದಲಾದಾಗ ಹಳೆಯ ಕಂಡಕ್ಟರು ಹೊಸಬನಿಗೆ ನಮ್ಮ ಮನೆಯ ಪಾಳಿ ಯಾವತ್ತು ಎಂದು ಹೇಳಿಯೇ ಹೋಗುತ್ತಿದ್ದನಂತೆ.

ಆ ಬಸ್ಸಿತ್ತು, ಅದಕ್ಕೇ ನನಗೊಂದು ಕೆಲಸವಿತ್ತು. ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ನಾನು ಶಾಲೆಯ ಪುಸ್ತಕಗಳಿಗೆ ಹೊಲಿಗೆ ಹಾಕುತ್ತೇನೆ. ನನ್ನ ಕೈ ಚುರುಕು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಕ್ಕಳು ಹಾಳೆ ಹರಿದಾರು, ಮೂಲೆ ಮಡಚಿಯಾರು, ನಾನು ಹಾಕಿದ ಹೊಲಿಗೆ ಮಾತ್ರ ಬಿಚ್ಚುವುದಿಲ್ಲ. ಆ ಕೆಲಸವೆಂದರೆ ನನಗೆ ಜೀವ. ಮನೆಯಲ್ಲಿ ನಾನು ಯಾರದೋ ಸೊಸೆ, ಯಾರದೋ ಹೆಂಡತಿ. ಆ ಅಂಗಡಿಯಲ್ಲಿ ನಾನು ನಾನೇ.

ಒಂದು ಮುಂಜಾನೆ ಕಂಡಕ್ಟರು ನನ್ನ ಪಕ್ಕ ಬಂದು ನಿಂತ. "ಅಕ್ಕಾರ, ವಸ್ತಿ ಬಂದ್ ಆಗತೈತ್ರಿ. ನಿಮ್ಮೂರಾಗ ಮಲಗಾಕ ಬರಾಕ ಯಾರೂ ಒಲ್ಲೆ ಅಂತಾರ" ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಅವರು ಮಲಗುತ್ತಿದ್ದ ಹಳೆಯ ಚಾವಡಿ ಮಳೆ ಬಂದರೆ ಸೋರುತ್ತಿತ್ತು. ಪಾಯಖಾನೆ ಇರಲಿಲ್ಲ, ಸ್ನಾನಕ್ಕೆ ನೀರಿರಲಿಲ್ಲ. ಹೊಟ್ಟೆ ತುಂಬ ಉಣ್ಣಿಸಿದೆವು, ಬೆಳಗಾದರೆ ಅವರು ಎಲ್ಲಿಗೆ ಹೋಗಬೇಕೆಂದು ಊರಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಮೇಲಾಗಿ ಮನೆಗೊಂದು ಬೈಕು ಬಂದು ಬಸ್ಸು ಅರ್ಧ ಖಾಲಿ ಓಡುತ್ತಿತ್ತು.

ರಾತ್ರಿ ನಮ್ಮ ಮನೆಯವರು ಊಟ ಮಾಡುತ್ತ, "ಬಸ್ ಹೋದ್ರ ಕ್ರಾಸಿನಿಂದ ಕತ್ತಲದಾಗ ಒಬ್ಬಾಕಿನ ಹೆಂಗ ಬರ್ತಿ? ಸಾಕ್ ಬಿಡು, ಮನ್ಯಾಗ ಇರು" ಎಂದರು. ಪ್ರೀತಿಯಿಂದಲೇ ಅಂದದ್ದು. ಗದರಿಸಿದ್ದರೆ ಜಗಳವಾದರೂ ಆಡಬಹುದಿತ್ತು. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಒಲೆಯ ಮುಂದೆ ಕುಳಿತು ಎಲ್ಲ ಕೇಳಿಸಿಕೊಂಡರು, ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನನ್ನ ಕೆಲಸದ ವಿಷಯದಲ್ಲಿ ಅವರು ಯಾವಾಗಲೂ ಹಾಗೇ.

ಮರುದಿನ ರಜೆ ಹಾಕಿ ಪಂಚಾಯಿತಿಗೆ ಹೋದೆ. ಅಧ್ಯಕ್ಷರ ತಲೆ ತಿಂದೆ. ಅವರು ಬಸ್ ಡಿಪೋಗೆ ಹೋಗಿ ಮಾತಾಡಿಕೊಂಡು ಬಂದರು: ನಲ್ಲಿ, ಪಾಯಖಾನೆ ಇರುವ ಒಳ್ಳೆಯ ಕೋಣೆ ಕಟ್ಟಿಸಿ, ಡೀಸೆಲ್ ಖರ್ಚಿನ ಒಂದು ಪಾಲನ್ನು ಊರು ಹೊತ್ತರೆ ಬಸ್ಸು ನಿಲ್ಲುವುದಿಲ್ಲ. ಪಂಚಾಯಿತಿಯ ಗಂಟು ಅಷ್ಟಕ್ಕೆ ಸಾಲದು. ದಾರಿ ಒಂದೇ. ವರ್ಷವರ್ಷವೂ ತುಂಬುವ ಮನೆಪಟ್ಟಿಯ, ಅಂದರೆ ಮನೆ ತೆರಿಗೆಯ ಜೊತೆ ಬಸ್ಸಿನ ಪಾಲೂ ಸೇರಬೇಕು, ದೊಡ್ಡ ಮನೆಗೆ ಹೆಚ್ಚು, ಸಣ್ಣ ಮನೆಗೆ ಕಡಿಮೆ. ಊರು ಒಪ್ಪಿದರೆ ಮಾಡೋಣ ಎಂದು ಗ್ರಾಮಸಭೆ ಕರೆದರು.

ಸಭೆಯಲ್ಲಿ ಮೊದಲು ಎದ್ದವರು ಕಾಳಿನ ವ್ಯಾಪಾರಿ. ಊರಿನ ದೊಡ್ಡ ಮನೆ ಅವರದೇ. "ನನ್ನ ಹಂತ್ಯಾಕ ಕಾರ್ ಐತಿ. ಬಸ್ಸಿನ ಮಾರಿ ನಾ ಯಾಕ ನೋಡ್ಲಿ? ಅದರಾಗ ಹತ್ತಾವ್ರು ಬರೇ ಹೆಣ್ಮಕ್ಕಳು, ಅವರಿಗೆ ಟಿಕೆಟ್ಟೂ ಪುಕ್ಕಟ. ಕುಂಡ್ರಾವ್ರು ಅವರು, ಪಟ್ಟಿ ತುಂಬಾವ್ರು ನಾವು!" ಎಂದರು. ಗಂಡಸರೆಲ್ಲ ನಕ್ಕರು. ನಮ್ಮ ಮನೆಯವರ ತುಟಿಯೂ ಸ್ವಲ್ಪ ಅಲುಗಿದ್ದನ್ನು ಕಂಡೆ.

ನನಗೆ ತಡೆಯಲಿಲ್ಲ, ಎದ್ದುನಿಂತೆ. "ಕಾಕಾ, ಬಸ್ ಬರೋ ಊರಾಗ ಮನಿಗೆ ಒಂದು ಬೆಲಿ ಐತಿ. ಬಸ್ ನಿಂತ ಮ್ಯಾಲೆ ನಿಮ್ಮ ಮನಿ ಯಾರು ಕೇಳ್ತಾರ?"

"ನಾ ಏನ್ ಮಾರಾಕ ಕುಂತೀನೇನು?"

"ಮಾರಬ್ಯಾಡ್ರಿ. ಮಗನಿಗೆ ಕನ್ಯಾ ಹುಡುಕಾಕ ಹತ್ತೀರಲ್ಲ, ಬಸ್ಸಿಲ್ಲದ ಊರಿಗೆ ಹೆಣ್ಣು ಯಾರು ಕೊಡ್ತಾರ?"

ಈ ಸಲ ನಗು ನನ್ನ ಕಡೆಗಿತ್ತು. ಅವರ ಮುಖ ಕೆಂಪಾಯಿತು. "ಮಾತು ಸಾಕು. ಪಟ್ಟಿ ಬೀಳೂದು ಮನಿ ಮ್ಯಾಲೆ. ಮನಿ ಯಾರ ಹೆಸರಿನ್ಯಾಗ ಐತಿ, ಅವರಷ್ಟ ಕೈ ಎತ್ರಿ. ಉಳಿದಾವ್ರದು ಏನೂ ನಡ್ಯಾಂಗಿಲ್ಲ" ಎಂದು ಕೂಗಿದರು. ಗಂಡಸರು ಹೌದು ಹೌದು ಎಂದರು.

ಪಾಪ, ಅವರಿಗೆ ಮರೆತೇ ಹೋಗಿತ್ತು. ನಮ್ಮೂರಿನ ಹೊಸ ಮನೆಗಳೆಲ್ಲ ಸರಕಾರದ ಸಹಾಯದಿಂದ ಎದ್ದವು, ಆ ಸಹಾಯ ಸಿಗುವುದು ಮನೆಯ ಹೆಂಗಸಿನ ಹೆಸರಿಗೆ. ಬರೀ ಹೆಸರಿಗಷ್ಟೇ ಎಂದು ಗಂಡಸರು ಹೆಂಡತಿಯದೋ ತಾಯಿಯದೋ ಹೆಬ್ಬೆಟ್ಟು ಒತ್ತಿಸಿದ್ದರು, ಮನೆ ಎದ್ದ ಮೇಲೆ ಯಜಮಾನರಾಗಿ ಕಟ್ಟೆಯ ಮೇಲೆ ಕುಳಿತಿದ್ದರು. ವ್ಯಾಪಾರಿಯ ಓಣಿಯ ಹಳೆಯ ಮನೆಗಳನ್ನು ಬಿಟ್ಟರೆ ಉಳಿದ ಊರಿನ ಒಡತಿಯರೆಲ್ಲ ಹಿಂದೆ ಚಾಪೆಯ ಮೇಲೆ ಸೆರಗು ಹೊದ್ದು ಕುಳಿತಿದ್ದರು. ನನ್ನ ಹೆಸರಿನಲ್ಲಿ ಮಾತ್ರ ಏನೂ ಇರಲಿಲ್ಲ. ನಮ್ಮ ಮನೆ ಅತ್ತೆಯದು. ಹಾಗಾಗಿ ಅಷ್ಟೆಲ್ಲ ಕುಣಿದ ನಾನು ಬಾಯಿ ಮುಚ್ಚಿಕೊಂಡು ಕೂರಬೇಕಾಯಿತು.

ಅತ್ತೆ ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಸಭೆಯಲ್ಲಿ ಅವರ ದನಿಯನ್ನು ಯಾರೂ ಕೇಳಿರಲಿಲ್ಲ. "ಮನಿ ನಂದೈತ್ರಿ" ಎಂದರು. "ನಾ ತುಂಬತೀನಿ. ನಮ್ಮ ಹುಡಿಗಿ ಕತ್ತಲದಾಗ ನಡಕೊಂತ ಬರೂದೂ ಬ್ಯಾಡ, ಮನ್ಯಾಗ ಕುಂತು ಮಾರಿ ಸಣ್ಣ ಮಾಡೂದೂ ಬ್ಯಾಡ."

ಮಗನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಅವರ ಬೆನ್ನಿಗೆ ಬಳೆಗಾರರ ಮನೆಯ ಚಾಚಿ, "ನಂದೂ ಮನಿ ಐತಿ, ಗದಗಿನ ಸಂತಿಗೆ ನಾನೂ ಹೋಗಬೇಕು" ಎಂದು ಬಳೆ ತುಂಬಿದ ಕೈ ಎತ್ತಿದರು. ಆಮೇಲೆ ಚಾಪೆಗೆ ಚಾಪೆಯೇ ಎದ್ದಿತು. ಅಧ್ಯಕ್ಷರು ನಗು ತಡೆದುಕೊಂಡು, "ಆತು, ಠರಾವು ಪಾಸಾತು" ಎಂದರು. ವ್ಯಾಪಾರಿ ಪಟ್ಟಿ ತುಂಬಿದರು. ಗೊಣಗಿದರು, ಆದರೆ ತುಂಬಿದರು.

ಕೋಣೆ ಎದ್ದಿತು, ನಲ್ಲಿಯಲ್ಲಿ ನೀರು ಬಂತು, ಬಸ್ಸು ಉಳಿಯಿತು. ಊರು ಅಂದಮೇಲೆ ಎಲ್ಲರೂ ಎಲ್ಲದಕ್ಕೂ ಕೊಡಬೇಕು; ಶಾಲೆಗೆ ಹೋಗುವ ಮಗುವಿಲ್ಲದ ಮನೆಯೂ ಶಾಲೆಗೆ ಕೊಡುತ್ತದೆ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಮೊದಲ ವರ್ಷದ ಪಟ್ಟಿ ತುಂಬಿದ ಮರುದಿನ ನಾನು ಬಸ್ಸು ಹತ್ತಿದರೆ, ನಾನು ಯಾವಾಗಲೂ ಕೂರುವ ಕಿಟಕಿಯ ಸೀಟಿನಲ್ಲಿ ಅತ್ತೆ ಕುಳಿತಿದ್ದರು. ಹೊಸ ಇಲಕಲ್ ಸೀರೆ. ನನಗೆ ಒಂದು ಮಾತೂ ಹೇಳದೆ ಮನೆಯ ಹಿಂದಿನ ಬಾಗಿಲಿನಿಂದ ಬಂದುಬಿಟ್ಟಿದ್ದರು. ಕಂಡಕ್ಟರು, "ಯವ್ವಾ, ಎಲ್ಲಿಗೆ ಹೊಂಟೀರಿ? ಏನ್ ಕೆಲಸಾ?" ಎಂದ.

"ಕೆಲಸಾ ಏನಿಲ್ಲಪ್ಪಾ. ಪಟ್ಟಿ ತುಂಬೀನಿ, ನನ್ನ ಮನಿ ಎಲ್ಲೀ ತನಕಾ ಹೋಗತೈತಿ ನೋಡಾಕ ಬಂದೀನಿ."

ಸೀಟು ಬಿಟ್ಟುಕೊಡಲಿಲ್ಲ. ಅಂದು ಬಸ್ಸು ಹೆಂಗಸರಿಂದ ತುಂಬಿತ್ತು, ನಾನು ಗದಗಿನವರೆಗೂ ಅವರ ಪಕ್ಕ ಕಂಬ ಹಿಡಿದು ನಿಂತೇ ಹೋದೆ. ಅಷ್ಟು ಸಂತೋಷದಿಂದ ನಾನು ಎಂದೂ ನಿಂತವಳಲ್ಲ.