ಕೇಬಲ್ ಮಾಮ ಕೇಳದ ಪ್ರಶ್ನೆ

"ನೋಡಮ್ಮಾ, ಈ ಡಬ್ಬಿಗೆ ಸ್ವಿಚ್ ಅಂತಾರೆ. ದೀಪದ ಸ್ವಿಚ್ ಅಲ್ಲ ಮತ್ತೆ! ಟಪಾಲಿನವನು ಅಂದ್ಕೋ. ಇಲ್ಲಿರೋ ಒಂದೊಂದು ಕಂಪ್ಯೂಟರಿಗೂ ಒಂದೊಂದು ವಿಳಾಸ. ರಕ್ತ ನೋಡೋ ಯಂತ್ರ 'ಇದು ಡಾಕ್ಟರ ಕೋಣೆಗೆ' ಅಂತ ಬರೆದು ಕೊಡುತ್ತೆ, ಇವನು ಸರಿಯಾದ ಬಾಗಿಲಿಗೆ ಹಾಕಿ ಬರ್ತಾನೆ. ವಿಳಾಸ ಗೊತ್ತಿಲ್ದಿದ್ರೆ ಎಲ್ಲ ಬಾಗಿಲಲ್ಲೂ ನಿಂತು 'ಇದು ಯಾರದ್ದಪ್ಪಾ?' ಅಂತ ಕೂಗ್ತಾನೆ. ಮೂಲೇಲಿರೋದು ಫೈರ್‌ವಾಲ್, ಹೆಬ್ಬಾಗಿಲ ಕಾವಲುಗಾರ. ಹೊರಗಿನೋರನ್ನ ವಿಚಾರಿಸದೆ ಬಿಡಲ್ಲ. ಆದ್ರೆ ಒಳಗಿರೋ ನಾವೇ ಹಿತ್ತಲ ಬಾಗಿಲು ತೆಗೆದಿಟ್ರೆ ಅವನೇನು ಮಾಡ್ತಾನೆ, ಪಾಪ? ಅದಕ್ಕೇ ಹೇಳೋದು, ಎಡವಟ್ಟಾದ್ರೆ ಬಂದು ಹೇಳಿಬಿಡಿ. ಯಾರು ಮಾಡಿದ್ದು ಅಂತ ಕೇಳಲ್ಲ, ಏನಾಯ್ತು ಅಂತ ಮಾತ್ರ ಕೇಳ್ತೀನಿ. ಯಾರು ಅಂದ್ರೆ ಬಾಯಿಗೆ ಬೀಗ ಬೀಳುತ್ತೆ."

ರಕ್ತಪರೀಕ್ಷೆಯ ಲ್ಯಾಬಿನ ಹಿಂದಿನ ಸಣ್ಣ ಕೋಣೆಯಲ್ಲಿ, ದಿನಾ ಬೆಳಿಗ್ಗೆ ಕಸ ಗುಡಿಸಲು ಬರುವ ಆಯಮ್ಮನಿಗೆ ಅವರು ಹೀಗೆ ಪಾಠ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ವೈರುಗಳನ್ನೆಲ್ಲ ನೋಡಿಕೊಂಡವರು. ಎಲ್ಲರ ಬಾಯಲ್ಲೂ ಕೇಬಲ್ ಮಾಮ. ಪ್ರತಿ ವೈರಿನ ಎರಡೂ ತುದಿಗೆ ಚೀಟಿ ಅಂಟಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. ಉಪ್ಪಿನ ಡಬ್ಬಿಗೆ ಒಂದು ಚೀಟಿ, ಅದರ ಮುಚ್ಚಳಕ್ಕೆ ಇನ್ನೊಂದು. "ನನ್ನ ಹಣೆಗೂ ಒಂದು ಅಂಟಿಸಿ, ಎಲ್ಲಾದ್ರೂ ಕಳೆದುಹೋದೇನು" ಎಂದು ಹೆಂಡತಿ ಚುಚ್ಚುತ್ತಿದ್ದರು.

ಒಂದು ಬೆಳಿಗ್ಗೆ ಲ್ಯಾಬಿನ ಕಂಪ್ಯೂಟರುಗಳೆಲ್ಲ ಒಮ್ಮೆಲೇ ಗರಬಡಿದಂತೆ ನಿಂತವು. ರಿಪೋರ್ಟುಗಳು ಹೋಗಲಿಲ್ಲ, ಬೆಂಚಿನ ಮೇಲೆ ಕಾದವರು ಗೊಣಗತೊಡಗಿದರು. ಮ್ಯಾನೇಜರು ಕೆಂಡವಾದರು. "ಯಾರು ಕೈ ಹಾಕಿದ್ದು? ಗೊತ್ತಾದ್ರೆ ಇವತ್ತೇ ಕೆಲಸದಿಂದ ತೆಗೀತೀನಿ!"

ಪೊರಕೆ ಹಿಡಿದಿದ್ದ ಆಯಮ್ಮನಿಗೆ, ಗುಡಿಸುವಾಗ ತಾನು ಮಾಡಿದ್ದು ನೆನಪಾಯಿತು. ಅವಳ ಮನೆಯ ಒಲೆ ಉರಿಯುತ್ತಿದ್ದುದೇ ಆ ಕೆಲಸದಿಂದ. ಹೇಳಿದರೆ ಅನ್ನಕ್ಕೆ ಕಲ್ಲು, ಹೇಳದಿದ್ದರೆ ಹೊರಗೆ ಕಾದವರ ಗತಿ? ಕಾಲೆಳೆಯುತ್ತ ಕೋಣೆಗೆ ಹೋದಳು. ಮಾಮ ಮಂಡಿಯೂರಿ ಒಂದೊಂದೇ ವೈರು ಕಿತ್ತು ನೋಡುತ್ತಿದ್ದರು.

"ಮಾಮ, ಏನಾಯ್ತು ಅಂತ ಕೇಳಿ."

ಅವರು ತಲೆಯೆತ್ತಿದರು. "ಏನಾಯ್ತಮ್ಮಾ?"

"ಒಂದು ವೈರು ನೆಲದ ಮೇಲೆ ಬಿದ್ದಿತ್ತು. ಪೊರಕೆಗೆ ಸಿಕ್ಕಿ ಸಿಕ್ಕಿ ಬರ್ತಿತ್ತು. ಡಬ್ಬೀಲಿ ಒಂದು ತೂತು ಖಾಲಿ ಇತ್ತು... ಒಪ್ಪವಾಗಿರಲಿ ಅಂತ ಸಿಕ್ಕಿಸಿಬಿಟ್ಟೆ."

ಮಾಮ ಅವಳು ತೋರಿಸಿದ ವೈರನ್ನು ಬೆರಳಲ್ಲೇ ಹಿಡಿದು ಸಾಗಿದರು. ಅದರ ಇನ್ನೊಂದು ತುದಿಯೂ ಅದೇ ಡಬ್ಬಿಯಲ್ಲಿತ್ತು! ಒಂದು ಬಾಗಿಲಿಂದ ಹೊರಟ ಕೂಗು ಇನ್ನೊಂದು ಬಾಗಿಲಿಂದ ಒಳಬಂದು, ಮತ್ತೆ ಹೊರಟು, ಸಂತೆಯಾಗಿತ್ತು. ಅದರ ನಡುವೆ ನಿಜವಾದ ಟಪಾಲು ಹೋಗುವುದೆಲ್ಲಿ? ಮಾಮ ತುದಿ ಕಿತ್ತರು. ಹುಚ್ಚೆದ್ದು ಮಿನುಗುತ್ತಿದ್ದ ದೀಪಗಳು ಉಸಿರು ಬಿಟ್ಟಂತೆ ತಣ್ಣಗಾದವು.

ಮ್ಯಾನೇಜರು ಬಾಗಿಲಿಗೆ ಬಂದರು. "ಯಾರು ಅದು?"

"ನಾನೇ ಸಾರ್," ಎಂದರು ಮಾಮ. "ತೆಗೀಬೇಕಾದ ವೈರನ್ನ ಚೀಟಿಯಿಲ್ಲದೆ ನೇತಾಡಬಿಟ್ಟವನು ನಾನು. ಹೀಗೆ ಸುತ್ತಿಕೊಂಡ್ರೆ ತಡೆಯೋ ಏರ್ಪಾಡು ಈ ಡಬ್ಬೀಲೇ ಇದೆ, ಅದನ್ನ ಚಾಲೂ ಮಾಡದೆ ಬಿಟ್ಟವನೂ ನಾನೇ."

"ಸಿಕ್ಕಿಸಿದ್ದು?"

"ಬಂದು ಹೇಳಿದೋರನ್ನ ಕೆಲಸದಿಂದ ತೆಗೆದ್ರೆ ನಾಳೆ ಯಾರೂ ಹೇಳಲ್ಲ ಸಾರ್. ಆಮೇಲೆ ನಿಜವಾದ ಕಳ್ಳ ಒಳಗೆ ಬಂದು ಕೂತ್ರೂ ನಮಗೆ ಗೊತ್ತಾಗಲ್ಲ. ಕಳಿಸಲೇಬೇಕು ಅಂದ್ರೆ ನನ್ನನ್ನ ಕಳಿಸಿ."

ಮ್ಯಾನೇಜರು ಪೊರಕೆಯನ್ನೂ ನೋಡಿದರು, ವೈರಿನ ರಾಶಿಯನ್ನೂ ನೋಡಿದರು. "ನಿಮ್ಮನ್ನ ಕಳಿಸಿ ಈ ಹಾವಿನ ಹುತ್ತಕ್ಕೆ ನಾನು ಕೈ ಹಾಕಲಾ?" ಎಂದು ಗೊಣಗುತ್ತ ಹೊರಟುಹೋದರು.

ಆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಒರೆಸುವ ಬಟ್ಟೆಯನ್ನು ನೀರು ಉಳಿಯದಂತೆ ಹಿಂಡಿ ನೆಲಕ್ಕೆ ಕೂತಳು.

"ಅದನ್ನೆಲ್ಲ ಸ್ವಲ್ಪ ಎತ್ತಿ ಹಿಡೀರಿ ಮಾಮ, ಅಡೀಲಿ ಒರೆಸ್ಬೇಕು."

ಮಾಮ ವೈರುಗಳನ್ನು ಎರಡೂ ತೋಳಲ್ಲಿ ತಬ್ಬಿ ಎತ್ತಿದರು. ಅವಳು ಮೂಲೆಯಿಂದ ಒರೆಸುತ್ತ ಬಂದಳು.